ಅರಿವೆ ಹಿಂಡಬೇಡಿ: ಪೇರಲ ಜೆಲ್ಲಿ ಮಾಡಿ ಮಾರುವವರಿಗೆ

ಬೆಂಗಳೂರು ಕಡೆಯವರ ಸೀಬೆ ನಮಗೆ ಪೇರಲ. ಕೊಪ್ಪಳ ಜಿಲ್ಲೆ ಕುಕನೂರಿನ ನಮ್ಮ ಮನೆ ಹಿತ್ತಲಿನ ಪತ್ರಾಸ್ ಶೆಡ್ಡಿನಲ್ಲಿ ಈಗ ಮೂರು ಒಲೆ ಉರಿಯುತ್ತವೆ. ಅತ್ತೆ ಶುರು ಮಾಡಿದಾಗ ಇದ್ದದ್ದು ಒಂದೇ ಒಲೆ, ಮದುವೆಮನೆಯ ಒಂದು ಹಳೆ ಬೋಗುಣಿ. ಮಾವನದು ಎರಡು ಎಕರೆ ಲಖನೌ-49 ತಳಿಯ ಪೇರಲ ತೋಟ. ಚಳಿಗಾಲದಲ್ಲಿ ಊರಿನ ಎಲ್ಲರ ಗಿಡವೂ ಒಮ್ಮೆಲೇ ಹಣ್ಣಿಗೆ ಬಂದರೆ ದರ ಬಿದ್ದು ಗಾಡಿ ಬಾಡಿಗೆಯೂ ಹುಟ್ಟುತ್ತಿರಲಿಲ್ಲ. ಒಂದು ವರ್ಷ ಮಾವ ಮಾರ್ಕೆಟ್ಟಿಗೆ ಒಯ್ದ ಬುಟ್ಟಿಗಳನ್ನು ತುಂಬಿದ ಹಾಗೇ ವಾಪಸ್ ತಂದರು. ತಿಪ್ಪೆಗೆ ಸುರಿಯಲು ಅತ್ತೆ ಬಿಡಲಿಲ್ಲ. ನಮ್ಮ ಮನೆಯ ಉದ್ಯೋಗ ಹುಟ್ಟಿದ್ದು ಆ ಬುಟ್ಟಿಗಳಿಂದ.

ಈಗ ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳು ಬಂದು ಕೇಳುತ್ತಾರೆ, ನಾವೂ ಮಾಡಬಹುದಾ ಅಂತ. ಖಂಡಿತ ಮಾಡಬಹುದು. ನನಗೆ ಗೊತ್ತಿರುವುದನ್ನೆಲ್ಲ ಇಲ್ಲಿ ಬರೆದಿದ್ದೇನೆ.

ಮೊದಲು ಹಣ್ಣು. ಘಮ್ಮೆನ್ನುವ ಪೂರ್ತಿ ಮಾಗಿದ ಹಣ್ಣು ತಿನ್ನಲು ಚೆಂದ, ಜೆಲ್ಲಿಗೆ ಬರುವುದಿಲ್ಲ. ಜೆಲ್ಲಿ ಗಟ್ಟಿಯಾಗುವುದು ಹಣ್ಣಿನೊಳಗಿನ ಪೆಕ್ಟಿನ್‌ನಿಂದ. ಹಣ್ಣು ಅತಿಯಾಗಿ ಮಾಗಿದಂತೆ ಅದು ಒಡೆದುಹೋಗುತ್ತದೆ. ಹಸಿರು ಹೋಗಿ ಹಳದಿ ಇಣುಕುವ, ಒತ್ತಿದರೆ ಬೆರಳು ಒಳಗೆ ಹೋಗದ ದೋರಗಾಯಿ ಆರಿಸಿ. ಹತ್ತರಲ್ಲಿ ಒಂದೆರಡು ಪೂರ್ತಿ ಮಾಗಿದ್ದು ಇರಲಿ, ಪರಿಮಳಕ್ಕೆ. ಹುಳ ಬಿದ್ದದ್ದು, ಕೊಳೆತದ್ದು ಒಂದೂ ಬೇಡ.

ಹಣ್ಣು ತೊಳೆದು, ಸಿಪ್ಪೆ ಬೀಜ ಸಮೇತ ತೆಳ್ಳಗೆ ಹೆಚ್ಚಿ. ಕೆ.ಜಿ. ಹಣ್ಣಿಗೆ ಒಂದೂವರೆ ಲೀಟರ್ ನೀರು, 2 ಗ್ರಾಂ ಸಿಟ್ರಿಕ್ ಆಮ್ಲ. ಸ್ಟೀಲ್ ಪಾತ್ರೆಯೇ ಆಗಬೇಕು; ಹುಳಿ ಇರುವ ಅಡುಗೆಗೆ ಅಲ್ಯೂಮಿನಿಯಂ ಬೇಡ. ಸಣ್ಣ ಉರಿಯಲ್ಲಿ ಅರ್ಧ ಗಂಟೆ ಬೇಯಿಸಿ. ಸೌಟಿನಿಂದ ಜಜ್ಜಬೇಡಿ.

ಇನ್ನು ಸೋಸುವ ಕೆಲಸ. ತೊಳೆದು ಕುದಿಸಿದ ದಪ್ಪ ಬಿಳಿ ಅರಿವೆಯಲ್ಲಿ ಬೆಂದ ಹಣ್ಣು ಸುರಿದು, ಗಂಟು ಕಟ್ಟಿ, ಜಂತಿಗೆ ತೂಗುಹಾಕಿ. ಕೆಳಗೆ ಪಾತ್ರೆ ಇಡಿ. ರಾತ್ರಿಯಿಡೀ ರಸ ತಾನಾಗಿ ತೊಟ್ಟಿಕ್ಕಬೇಕು. ನಾನು ಈ ಮನೆಗೆ ಬಂದ ಎರಡನೇ ವರ್ಷ, ಕೊಪ್ಪಳದ ಗವಿಮಠದ ಜಾತ್ರೆಗೆ ಎರಡೇ ದಿನ ಉಳಿದಿತ್ತು. ಅತ್ತೆ ಮಲಗಿದ ಮೇಲೆ ನಾನು ಗಂಟು ಹಿಡಿದು ಹಿಂಡಿದೆ. ಪಾತ್ರೆ ಬೇಗ ತುಂಬಿತು. ಮರುದಿನ 60 ಬಾಟಲಿ ತುಂಬಿ ಕಿಟಕಿಯ ಬೆಳಕಿಗೆ ಹಿಡಿದಾಗ ಎಲ್ಲವೂ ರಾಡಿನೀರಿನ ಹಾಗೆ ಕಂಡವು. ಹಿಂಡಿದರೆ ತಿರುಳಿನ ಸಣ್ಣ ಕಣ ರಸಕ್ಕೆ ಇಳಿಯುತ್ತವೆ, ಆಮೇಲೆ ಎಷ್ಟು ಸೋಸಿದರೂ ಹೋಗುವುದಿಲ್ಲ. ರುಚಿಗೇನೂ ಕೊರತೆ ಇರಲಿಲ್ಲ. ಆದರೂ ಅತ್ತೆ ಒಂದಕ್ಕೂ ಚೀಟಿ ಅಂಟಿಸಗೊಡಲಿಲ್ಲ. "ನಮ್ಮ ಹೆಸರು ಅದರ ಮ್ಯಾಲ ಇರ್ತೈತಿ, ಹಿಂಡಬ್ಯಾಡ ಅಂದಿದ್ನೆಲ್ಲ" ಅಂದರು, ಅಷ್ಟೇ. ಆ ವರ್ಷ ಓಣಿಯ ಮಕ್ಕಳು ರೊಟ್ಟಿಗೆ ಅದನ್ನೇ ಹಚ್ಚಿಕೊಂಡು ತಿಂದರು, ಜಾತ್ರೆಗೆ ನಾವು ಬರೀ 20 ಬಾಟಲಿ ಒಯ್ದೆವು.

ಬೆಳಗ್ಗೆ ಸಕ್ಕರೆ ಹಾಕುವ ಮೊದಲು ಪೆಕ್ಟಿನ್ ನೋಡಿಕೊಳ್ಳಿ. ಗಾಜಿನ ಲೋಟದಲ್ಲಿ ಒಂದು ಚಮಚ ತಣ್ಣಗಿನ ರಸ, ಅದಕ್ಕೆ ಎರಡು ಚಮಚ ಮೆಥಿಲೇಟೆಡ್ ಸ್ಪಿರಿಟ್. ಮೆಲ್ಲಗೆ ಅಲುಗಿಸಿ ಐದು ನಿಮಿಷ ಬಿಡಿ. ಇಡೀ ರಸ ಒಂದೇ ಗಡ್ಡೆಯಾದರೆ ಪೆಕ್ಟಿನ್ ಚೆನ್ನಾಗಿದೆ, ರಸದಷ್ಟೇ ಸಕ್ಕರೆ ಹಿಡಿಯುತ್ತದೆ. ಎರಡು ಮೂರು ತುಂಡಾದರೆ ಲೀಟರಿಗೆ ಮುಕ್ಕಾಲು ಕೆ.ಜಿ. ಸಣ್ಣ ಕಾಳಿನಂತೆ ಒಡೆದರೆ ರಸವನ್ನು ಇನ್ನಷ್ಟು ಕುದಿಸಿ ಇಂಗಿಸಿ, ಮತ್ತೆ ಪರೀಕ್ಷೆ ಮಾಡಿ. ಆ ಲೋಟದಲ್ಲಿರುವುದು ವಿಷ. ಕೂಡಲೇ ಚೆಲ್ಲಿ, ಮಕ್ಕಳ ಕೈಗೆ ಸಿಗದಂತೆ ನೋಡಿಕೊಳ್ಳಿ, ಆ ಲೋಟವನ್ನು ಬೇರೆಯೇ ಇಡಿ.

ಒಂದು ಸಲಕ್ಕೆ 4 ಲೀಟರ್ ರಸಕ್ಕಿಂತ ಹೆಚ್ಚು ಒಲೆಗೆ ಏರಿಸಬೇಡಿ. ದೊಡ್ಡ ಕಡಾಯಿ ತಂದರೆ ಕೆಲಸ ಬೇಗ ಆಗುತ್ತದೆ ಅನ್ನುವವರು ಬಹಳ. ರಸ ಹೆಚ್ಚಾದಷ್ಟೂ ಹೆಚ್ಚು ಹೊತ್ತು ಕುದಿಸಬೇಕು. ಹೆಚ್ಚು ಹೊತ್ತು ಕುದಿದರೆ ಪೆಕ್ಟಿನ್ ಮುರಿಯುತ್ತದೆ, ಬಣ್ಣ ಕಂದುತ್ತದೆ, ಪೇರಲದ ವಾಸನೆ ಹೋಗಿ ಸುಟ್ಟ ಬೆಲ್ಲದ ವಾಸನೆ ಬರುತ್ತದೆ. ನಾವು ಒಲೆ ಹೆಚ್ಚಿಸಿದೆವು, ಪಾತ್ರೆ ದೊಡ್ಡದು ಮಾಡಲಿಲ್ಲ. 4 ಲೀಟರ್ ರಸ, 3 ಕೆ.ಜಿ. ಸಕ್ಕರೆ ಹಾಕಿದರೆ ಹತ್ತಿರ ಹತ್ತಿರ 5 ಕೆ.ಜಿ. ಜೆಲ್ಲಿ ಇಳಿಯುತ್ತದೆ.

ರಸ ಬಿಸಿಯಾದ ಮೇಲೆ ಸಕ್ಕರೆ ಹಾಕಿ ಕರಗಿಸಿ. ಒಮ್ಮೆ ಸೋಸಿ, ಸಕ್ಕರೆಯ ಕಸ ಹೋಗಲಿ. ಆಮೇಲೆ ಜೋರು ಉರಿ. ನೊರೆ ತೆಗೆಯುತ್ತಿರಿ. ಮುಗಿಯುವ ಹೊತ್ತಿಗೆ ಐದಾರು ನಿಂಬೆಹಣ್ಣಿನ ರಸ ಸೋಸಿ ಹಾಕಿ. ಹುಳಿ ಕಡಿಮೆಯಾದರೆ ಜೆಲ್ಲಿ ಕೂಡುವುದಿಲ್ಲ, ಇಟ್ಟಲ್ಲೇ ಸಕ್ಕರೆ ಹರಳುಗಟ್ಟುತ್ತದೆ. ಹೆಚ್ಚಾದರೆ ಬಾಟಲಿಯೊಳಗೆ ನೀರು ಬಿಡುತ್ತದೆ.

ಇಳಿಸುವುದು ಯಾವಾಗ? ಪುಸ್ತಕಗಳಲ್ಲಿ 105 ಡಿಗ್ರಿ ಅಂತ ಇರುತ್ತದೆ. ಅದು ಸಮುದ್ರ ಮಟ್ಟದ ಲೆಕ್ಕ. ಕೊಪ್ಪಳ ಸುಮಾರು 530 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು ಕುದಿಯುವುದೇ 98 ಡಿಗ್ರಿಯ ಆಸುಪಾಸು. ನಿಮ್ಮ ಥರ್ಮಾಮೀಟರನ್ನು ಬರೀ ಕುದಿಯುವ ನೀರಿಗೆ ಅದ್ದಿ ಎಷ್ಟು ತೋರಿಸುತ್ತದೆ ನೋಡಿ, ಅದಕ್ಕೆ 5 ಕೂಡಿಸಿ. ನಮ್ಮಲ್ಲಿ 103 ಆಗುತ್ತದೆ. 105ರವರೆಗೆ ಕಾದರೆ ಚಾಕುವಿನಿಂದ ಕುಯ್ಯುವಷ್ಟು ಗಟ್ಟಿಯಾಗುತ್ತದೆ.

ಅತ್ತೆಗೆ ಥರ್ಮಾಮೀಟರ್ ಬೇಡ. ಸೌಟನ್ನು ಅದ್ದಿ ಎತ್ತಿ, ಆವಿಯಿಂದ ಆಚೆ ತಂದು, ಅಡ್ಡ ಹಿಡಿಯುತ್ತಾರೆ. ಮೊದಲು ಸೌಟಿನ ಅಂಚಿನಿಂದ ನೀರಿನಂತೆ ಇಳಿಯುತ್ತದೆ. ಸ್ವಲ್ಪ ಹೊತ್ತಾದ ಮೇಲೆ ಹನಿಹನಿಯಾಗಿ. ಇನ್ನೂ ಸ್ವಲ್ಪ ಹೊತ್ತಿಗೆ ಅಂಚಿನಲ್ಲಿ ಅಕ್ಕಪಕ್ಕ ನಿಂತ ಎರಡು ಹನಿ ಒಂದರ ಕಡೆ ಇನ್ನೊಂದು ಜರುಗಿ, ಕೂಡಿ, ಅಗಲವಾದ ಒಂದು ಹಾಳೆಯಂತೆ ತೂಗಾಡಿ ಕಳಚಿ ಬೀಳುತ್ತದೆ. "ಎರಡು ಹನಿ ಕೂಡಿದ್ವು, ಇಳಸು" ಅನ್ನುತ್ತಾರೆ. ನಾನು ಥರ್ಮಾಮೀಟರ್ ನೋಡುತ್ತೇನೆ, ಅವರು ಸೌಟು ನೋಡುತ್ತಾರೆ. ಎರಡೂ ಒಪ್ಪಿದ ಮೇಲೆಯೇ ಉರಿ ಆರಿಸುವುದು.

ಬಾಟಲಿ, ಮುಚ್ಚಳ ಮೊದಲೇ ಸಿದ್ಧವಿರಲಿ. ಬಾಟಲಿಗಳನ್ನು 15 ನಿಮಿಷ ನೀರಲ್ಲಿ ಕುದಿಸಿ, ಶುಭ್ರ ಬಟ್ಟೆಯ ಮೇಲೆ ಬೋರಲು ಹಾಕಿ ಪೂರ್ತಿ ಒಣಗಿಸಿ. ಮುಚ್ಚಳದೊಳಗೆ ಒಂದು ಹನಿ ನೀರು ಉಳಿದರೂ ಅಲ್ಲಿಂದಲೇ ಬೂಸು ಬರುತ್ತದೆ. ಬಾಟಲಿ ಬೆಚ್ಚಗಿರುವಾಗಲೇ, ಕಟ್ಟಿಗೆ ಹಲಗೆಯ ಮೇಲಿಟ್ಟು, ಜೆಲ್ಲಿ 85 ಡಿಗ್ರಿಗಿಂತ ಕೆಳಗಿಳಿಯುವ ಮೊದಲು ತುಂಬಿ. ಕಡಪ ಕಲ್ಲಿನ ಮೇಲಿಟ್ಟರೆ ತಳ ಸಿಡಿಯುತ್ತದೆ. ಮುಚ್ಚಳ ಬಿಗಿದು ಮೂರು ನಿಮಿಷ ಬೋರಲು ಮಾಡಿ, ನೆಟ್ಟಗೆ ನಿಲ್ಲಿಸಿ, ಮರುದಿನದವರೆಗೆ ಮುಟ್ಟಬೇಡಿ. ನೋಡೋಣ ಅಂತ ಅಲುಗಿಸಿದರೆ ಕೂಡುತ್ತಿರುವ ಜೆಲ್ಲಿ ಒಡೆಯುತ್ತದೆ.

ಅರಿವೆಯಲ್ಲಿ ಉಳಿದ ತಿರುಳನ್ನು ಎಸೆಯಬೇಡಿ. ಜರಡಿಯಲ್ಲಿ ತಿಕ್ಕಿ ಬೀಜ ತೆಗೆದು, ತಿರುಳಿನಷ್ಟೇ ಸಕ್ಕರೆ, ಕೆ.ಜಿ.ಗೆ 50 ಗ್ರಾಂ ತುಪ್ಪ, ಚಿಟಿಕೆ ಉಪ್ಪು ಹಾಕಿ, ತಳ ಬಿಡುವವರೆಗೆ ತಿರುವಿ ತಾಟಿಗೆ ಸುರಿದರೆ ಪೇರಲ ಬರ್ಫಿ. ಜಾತ್ರೆಯಲ್ಲಿ ಜೆಲ್ಲಿಗಿಂತ ಮೊದಲು ಖಾಲಿಯಾಗುವುದು ಇದೇ.

ಮಾರುವುದಾದರೆ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಮಾಡಿಸಲೇಬೇಕು; 14 ಅಂಕಿಯ ಸಂಖ್ಯೆ ಚೀಟಿಯ ಮೇಲಿರಬೇಕು, ಜತೆಗೆ ತೂಕ, ತಯಾರಿಸಿದ ದಿನ, ಬ್ಯಾಚ್, ಪದಾರ್ಥಗಳು. ಜೆಲ್ಲಿ ಅಂತ ಬರೆಯಬೇಕಾದರೆ ಹಣ್ಣಿನ ಪಾಲು 45%ಕ್ಕಿಂತ, ಕರಗಿದ ಘನಾಂಶ (ಸಕ್ಕರೆ ಮುಂತಾದ್ದು) 65%ಕ್ಕಿಂತ ಕಡಿಮೆ ಇರಬಾರದು. ಘನಾಂಶ ಅಳೆಯಲು ರಿಫ್ರ್ಯಾಕ್ಟೋಮೀಟರ್ ಕೊಳ್ಳಿ, ಒಂದು ಹನಿ ಸಾಕು. ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳಿಗೆ 2020ರಲ್ಲಿ ಕೇಂದ್ರ ತಂದ ಯೋಜನೆಯಲ್ಲಿ ಕೊಪ್ಪಳ ಜಿಲ್ಲೆಗೆ ಪೇರಲವನ್ನೇ, ಬಳ್ಳಾರಿಗೆ ಅಂಜೂರವನ್ನು ಆರಿಸಿದ್ದರು. ಸಾಲ ಮಾಡುವ ಮೊದಲು ಕೃಷಿ ಇಲಾಖೆಯಲ್ಲಿ ಸಬ್ಸಿಡಿಯ ವಿಚಾರ ಕೇಳಿ. ಆದರೆ ಒಂದು ಹಂಗಾಮು ಮನೆಯ ಒಲೆಯಲ್ಲೇ ಮಾಡಿ, ಹತ್ತು ಸಲ ಮಾಡಿದರೆ ಹತ್ತೂ ಸಲ ಒಂದೇ ಹದ ಬರುವವರೆಗೆ ಯಂತ್ರಕ್ಕೆ ದುಡ್ಡು ಹಾಕಬೇಡಿ.

ಪ್ರತಿ ಬ್ಯಾಚಿನಿಂದ ಒಂದು ಬಾಟಲಿ ಮಾರದೆ ತೆಗೆದಿಡಿ. ನಮ್ಮಲ್ಲಿ ಅಡುಗೆಮನೆಯ ಮಾಡದಲ್ಲಿ ತಾರೀಖು ಬರೆದ ಸಾಲು ಇದೆ. ಆರು ತಿಂಗಳಾದ ಮೇಲೆ ಅತ್ತೆಯೇ ಒಂದೊಂದನ್ನು ತೆರೆದು, ಮೊದಲು ಮೂಸಿ, ಆಮೇಲೆ ಚಮಚ ಇಳಿಸುತ್ತಾರೆ. ಚಮಚ ಎದ್ದ ಜಾಗದ ಅಂಚು ಕುಸಿಯದೆ ಹಾಗೇ ನಿಂತಿದ್ದರೆ ಬಾಟಲಿಯನ್ನು ನನ್ನ ಕಡೆ ಸರಿಸಿ, ರೊಟ್ಟಿ ತಾ ಅನ್ನುತ್ತಾರೆ.