ಬ್ಲಾಗಿಗೆ ಜನ ಬರ್ಲಿಕ್ಕೆ ಟ್ರಾಫಿಕ್ ಎಕ್ಸ್‌ಚೇಂಜ್ ವಿಜೆಟ್: ಎಂತದ್ದು ಹಾಕ್ಬೇಕು, ಎಂತದ್ದು ಬೇಡ

ಕಾಸರಗೋಡಿನ ಬದಿಯಡ್ಕ, ಪೆರ್ಲ, ಉಪ್ಪಳ ಕಡೆ ಕನ್ನಡದಲ್ಲಿ ಬ್ಲಾಗ್ ಬರೆಯೋರು ಇದ್ದಾರೆ, ಬರೆದದ್ದನ್ನು ಮನೆಯವರ ವಾಟ್ಸಾಪ್ ಗ್ರೂಪಿಗೆ ಹಾಕ್ತಾರೆ, ಅಲ್ಲಿ ನಾಲ್ಕು ಹೆಬ್ಬೆರಳು ಬೀಳ್ತದೆ, ಒಳಗೆ ಹೋಗಿ ಓದುವವರು ಮಾತ್ರ ಕಮ್ಮಿ. ಆಗ ಯಾರಾದ್ರೂ ಒಬ್ರು ಟ್ರಾಫಿಕ್ ಎಕ್ಸ್‌ಚೇಂಜ್ ವಿಜೆಟ್ ಹಾಕಿ ಮಾರಾಯ್ರೆ ಅಂತಾರೆ. ಹಾಕ್ಬಹುದು, ಆದ್ರೆ ನೋಡಿ ಹಾಕ್ಬೇಕು.

ಅದು ಕೆಲ್ಸ ಮಾಡೋದು ಇಷ್ಟೇ: ನಿಮ್ಮ ಬ್ಲಾಗಲ್ಲಿ ಒಂದು ಸಣ್ಣ ಬಾಕ್ಸ್, ಅದ್ರಲ್ಲಿ ಬೇರೆಯವರ ಪೋಸ್ಟಿನ ಹೆಡ್ಡಿಂಗ್. ಅದು ಎಷ್ಟು ಸಲ ಕಂಡಿತು, ಎಷ್ಟು ಕ್ಲಿಕ್ ಬಿತ್ತು ಅಂತ ಲೆಕ್ಕ ಹಾಕಿ ನಿಮಗೆ ಕ್ರೆಡಿಟ್ ಕೊಡ್ತಾರೆ, ಆ ಕ್ರೆಡಿಟಿಗೆ ತಕ್ಕಂತೆ ನಿಮ್ಮ ಹೆಡ್ಡಿಂಗ್ ಬೇರೆಯವರ ಬ್ಲಾಗಲ್ಲಿ ಕಾಣ್ತದೆ, ಒಂಥರಾ ಮುಯ್ಯಿ. 2007ರಲ್ಲಿ ಬಂದ ಬ್ಲಾಗ್‌ರಶ್ ಇದೇ ನಮೂನೆಯದ್ದು, ಭಾರೀ ಗೌಜಿ ಆಗಿ ಮರುವರ್ಷವೇ ಬಾಗಿಲು ಹಾಕಿತು.

ಆಟೋಸರ್ಫ್ ಅಂತ ಇನ್ನೊಂದು ಉಂಟು, ಪೇಜು ತನ್ನಷ್ಟಕ್ಕೆ ತೆರೆದು ಮುಚ್ಚಿ ಕೌಂಟ್ ಏರಿಸೋದು. ಅದು ಬೇಡವೇ ಬೇಡ. ಬ್ಲಾಗಲ್ಲಿ ಜಾಹೀರಾತು ಹಾಕಿ ದುಡ್ಡು ಕೊಡುವ ಗೂಗಲಿನ ಆಡ್‌ಸೆನ್ಸ್ ಇದ್ದವರಂತೂ ಆ ಕಡೆ ತಲೆ ಹಾಕ್ಬೇಡಿ, ಅವರ ನಿಯಮದಲ್ಲೇ ಅದಕ್ಕೆ ನಿಷೇಧ ಉಂಟು, ಅಕೌಂಟ್ ಹೋದ್ರೆ ಹೋಯ್ತು.

ಕಂಪೆನಿಯವರ ವಿಜೆಟ್ ಹಾಕೋದಾದ್ರೆ ಮೊದ್ಲು ಭಾಷೆ, ವಿಷಯ ಆರಿಸ್ಲಿಕ್ಕೆ ಆಗ್ತದಾ ನೋಡಿ. ಇಲ್ಲಾಂದ್ರೆ ನಿಮ್ಮ ಯಕ್ಷಗಾನದ ಲೇಖನದ ಕೆಳಗೆ ತೂಕ ಇಳಿಸುವ ಮಾತ್ರೆ ಬಂದು ಕೂತ್ಕೊಳ್ತದೆ. ಗೂಗಲಿನ ಬ್ಲಾಗರ್‌ನಲ್ಲಿ ಬರೆಯೋರಾದ್ರೆ ಥೀಮಿನ (ಬ್ಲಾಗಿನ ವಿನ್ಯಾಸದ) ಬ್ಯಾಕಪ್ ತೆಗೆದಿಟ್ಟು, ಲೇಔಟಿಗೆ ಹೋಗಿ, ಗ್ಯಾಜೆಟ್ ಸೇರಿಸುವಲ್ಲಿ ಎಚ್‌ಟಿಎಂಎಲ್/ಜಾವಾಸ್ಕ್ರಿಪ್ಟ್ ಆರಿಸಿ ಅವರು ಕೊಟ್ಟ ಕೋಡ್ ಪೇಸ್ಟ್ ಮಾಡಿ. ನಿಮ್ಮ ಥೀಮಲ್ಲಿ ಆಗುವುದಾದ್ರೆ ಪೋಸ್ಟಿನ ಅಡಿಗೇ ಇಡಿ, ಸೈಡಲ್ಲಿ ಇಟ್ರೆ ಮೊಬೈಲಲ್ಲಿ ಅದು ಎಲ್ಲೋ ತಳಕ್ಕೆ ಹೋಗ್ತದೆ ಅಥವಾ ಕಾಣುವುದೇ ಇಲ್ಲ. ಹಾಕಿದ ಮೇಲೆ ಮೊಬೈಲ್ ಡೇಟಾದಲ್ಲಿ ಒಮ್ಮೆ ತೆರೆದು ನೋಡಿ, ಪೇಜು ಎಳೀತಾ ಇದ್ರೆ ತೆಗೆದುಬಿಡಿ.

ಇನ್ನು ನನ್ನ ಪ್ರಕಾರ ಕನ್ನಡದವರಿಗೆ ಇದಕ್ಕಿಂತ ಒಳ್ಳೇದು ಬ್ಲಾಗರ್‌ನಲ್ಲೇ ಇರುವ ಬ್ಲಾಗ್ ಲಿಸ್ಟ್ ಗ್ಯಾಜೆಟ್, ದುಡ್ಡಿಲ್ಲ, ಕ್ರೆಡಿಟ್ ಗಿಡಿಟ್ ತಲೆಬಿಸಿ ಇಲ್ಲ. ಐದಾರು ಜನ ಮಾತಾಡಿಕೊಳ್ಳಿ, ಒಬ್ರು ಅಡಿಕೆ ತೋಟದ ಬಗ್ಗೆ ಬರೆಯೋರು, ಒಬ್ರು ಯಕ್ಷಗಾನ, ಒಬ್ರು ಅಡುಗೆ, ಒಬ್ರು ಊರಿನ ಹಳೇ ಸಂಗತಿ, ಯಾಕಂದ್ರೆ ಇವನ್ನೆಲ್ಲ ಓದುವವರು ಹೆಚ್ಚುಕಮ್ಮಿ ಒಂದೇ ಜನ, ಪುತ್ತೂರಲ್ಲಿ ಇರ್ಲಿ, ಮುಂಬೈಯಲ್ಲಿ ಇರ್ಲಿ, ಗಲ್ಫಲ್ಲಿ ಇರ್ಲಿ. ಪ್ರತಿಯೊಬ್ರೂ ಉಳಿದವರ ಬ್ಲಾಗ್ ವಿಳಾಸ ಅದ್ರಲ್ಲಿ ಸೇರಿಸಿ, ಇತ್ತೀಚೆಗೆ ಅಪ್‌ಡೇಟ್ ಆದದ್ದು ಮೇಲೆ ಬರುವ ಹಾಗೆ ಸೆಟ್ ಮಾಡಿ, ಹೊಸ ಪೋಸ್ಟಿನ ಹೆಡ್ಡಿಂಗ್ ತೋರಿಸುವಲ್ಲಿ ಟಿಕ್ ಹಾಕಿ. ವರ್ಡ್‌ಪ್ರೆಸ್ಸಿನವರು ಬೇರೆ ಬ್ಲಾಗಿನ ಹೊಸ ಪೋಸ್ಟು ತೋರಿಸುವ ಆರ್‌ಎಸ್‌ಎಸ್ ಬ್ಲಾಕಲ್ಲಿ ಇದೇ ಕೆಲ್ಸ ಮಾಡ್ಬಹುದು. ಆದ್ರೆ ನೂರಾರು ಬ್ಲಾಗ್ ತುಂಬಿಸ್ಬೇಡಿ, ರ‍್ಯಾಂಕಿಂಗಿಗೋಸ್ಕರ ವಿಪರೀತ ಲಿಂಕ್ ಬದಲಾಯಿಸಿಕೊಂಡ್ರೆ ಗೂಗಲ್ ಅದನ್ನು ಸ್ಪ್ಯಾಮ್ ಅಂತಲೇ ಹಿಡೀತದೆ.

ವಿಜೆಟ್ ಯಾವುದೇ ಇರ್ಲಿ, ಅಲ್ಲಿ ಕಾಣುವುದು ಹೆಡ್ಡಿಂಗ್ ಮಾತ್ರ. "ನಮ್ಮೂರಿನ ಜಲಮೂಲಗಳು: ಒಂದು ನೋಟ" ಅಂತ ಕೊಟ್ರೆ ಯಾರು ಒತ್ತುತ್ತಾರೆ? "ಪಂಪಿಲ್ಲದೆ ತೋಟಕ್ಕೆ ನೀರು: ಬಾಯಾರಿನ ಸುರಂಗಗಳು" ಅಂತ ಹಾಕಿ, ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದಿಂದ ನೀರು ತನ್ನಷ್ಟಕ್ಕೆ ಹರಿದು ಬರೋದು ಹೇಗೆ ಅಂತ ಹೊರಗಿನವನಿಗೂ ಕುತೂಹಲ ಆಗ್ತದೆ. ಮುಖ್ಯ ಮಾತು ಮೊದ್ಲೇ ಬರ್ಲಿ, ಸಣ್ಣ ಬಾಕ್ಸಲ್ಲಿ ಉದ್ದದ ಹೆಡ್ಡಿಂಗಿನ ಬಾಲ ತುಂಡಾಗ್ತದೆ.

ಆಮೇಲೆ ಕೌಂಟ್ ನೋಡಿ ಖುಷಿ ಪಡ್ಬೇಡಿ, ಗೂಗಲ್ ಅನಲಿಟಿಕ್ಸಲ್ಲಿ ರೆಫರಲ್ (ಯಾವ ಸೈಟಿಂದ ಬಂದ್ರು ಅನ್ನುವ ಲೆಕ್ಕ) ತೆರೆದು ಬಂದವರು ಎಷ್ಟು ಹೊತ್ತು ನಿಂತ್ರು ನೋಡಿ. 10 ಸೆಕೆಂಡಿಗಿಂತ ಹೆಚ್ಚು ಇದ್ರೆ ಅದು ಎಂಗೇಜ್ಡ್ ಸೆಷನ್ (ನಿಂತು ನೋಡಿದ ಭೇಟಿ) ಅಂತ ಲೆಕ್ಕ ಬೀಳ್ತದೆ, ಬಂದವರೆಲ್ಲ ಅದಕ್ಕೂ ಮೊದ್ಲೇ ಓಡಿದ್ರೆ ಆ ವಿಜೆಟ್ ನಿಮಗೆ ಆಗುವಂಥದ್ದಲ್ಲ.

ಮತ್ತೆ ಲಿಸ್ಟಲ್ಲಿದ್ದವರು ಯಾರಾದ್ರೂ ಸ್ವಂತ ಡೊಮೈನ್ (ದುಡ್ಡು ಕೊಟ್ಟು ತೆಗೆದ ವೆಬ್ ವಿಳಾಸ) ರಿನ್ಯೂ ಮಾಡದೆ ಬಿಟ್ರೆ ಆ ಹೆಸರು ಕೂಡ್ಲೇ ತೆಗೀರಿ, ಅದನ್ನು ಬೇರೆ ಯಾರೋ ಕೊಂಡು ರಮ್ಮಿ ಸೈಟ್ ಮಾಡಿದ್ರೆ ಲಿಂಕ್ ನಿಮ್ಮ ಬ್ಲಾಗಲ್ಲೇ ಇರ್ತದೆ.