ದುಬೈಗೆ ಟೀಚರಾಗಿ ಹೊರಟಿದ್ದೀರಾ? ಅಲ್ಲಿನ ಇಗರ್ಜಿಯ (ಚರ್ಚಿನ) ವ್ಯವಸ್ಥೆ ಮೊದಲೇ ತಿಳಿದುಕೊಳ್ಳಿ

ಕಾಸರಗೋಡಿನ ಬೇಳ, ಕಯ್ಯಾರು, ವರ್ಕಾಡಿ, ಮಂಜೇಶ್ವರ ಕಡೆಯಿಂದ ಯುಎಇ ಶಾಲೆಗಳಿಗೆ ಹೊರಡುವ ಕ್ರೈಸ್ತ ಟೀಚರುಗಳು ಸಂಬಳ, ಫ್ಲಾಟು, ವೀಸಾ ಎಂದು ನೂರು ಪ್ರಶ್ನೆ ಕೇಳುತ್ತಾರೆ. ಪೂಜೆಗೆ ಎಲ್ಲಿಗೆ ಹೋಗುವುದು ಎಂದು ಕೇಳುವವರು ಕಮ್ಮಿ. ಆದರೆ ಕೆಲವು ತಿಂಗಳು ಕಳೆದ ಮೇಲೆ ಜನ ಕುಗ್ಗುವುದು ಅಲ್ಲೇ. ಶಾಲೆ, ಬಸ್ಸು, ಫ್ಲಾಟು, ನೋಟ್‌ಬುಕ್ ತಿದ್ದುವುದು, ಮತ್ತೆ ಶಾಲೆ. ಊರಲ್ಲಿ ಎರಡು ವಾರ ಪೂಜೆಗೆ ಬಾರದಿದ್ದರೆ ವಾರ್ಡಿನ ಗುರಿಕಾರರು ಮನೆಗೇ ಬಂದು ವಿಚಾರಿಸುತ್ತಾರೆ. ಅಲ್ಲಿ ನೀವಾಗಿ ಹೋಗಿ ಹೆಸರು ಹೇಳದಿದ್ದರೆ ನೀವು ಬಂದದ್ದೇ ಯಾರಿಗೂ ಗೊತ್ತಾಗುವುದಿಲ್ಲ.

ಮೊದಲು ಒಂದು ಹೆದರಿಕೆ ಬಿಡಿ. ಅದು ಮುಸ್ಲಿಂ ದೇಶ, ಜಪಮಾಲೆ ಅಡಗಿಸಿ ಇಡಬೇಕು ಎಂದೆಲ್ಲ ಊರಲ್ಲಿ ಹೇಳುವವರಿದ್ದಾರೆ. ಸುಮ್ನೆ ಮಾತು. ಅಬುಧಾಬಿಯಲ್ಲಿ 1965ರಲ್ಲೇ ಕಥೋಲಿಕ್ ಇಗರ್ಜಿ ತೆರೆದಿತ್ತು. ದುಬೈನ ಸಂತ ಮೇರಿ ಇಗರ್ಜಿ 1967ರಲ್ಲಿ ಶುರುವಾಯಿತು. ಅದಕ್ಕೆ ಜಾಗ ಕೊಟ್ಟವರು ಆಗಿನ ದೊರೆ ಶೇಖ್ ರಾಶಿದ್. 2019ರ ಫೆಬ್ರವರಿಯಲ್ಲಿ ಪೋಪ್ ಫ್ರಾನ್ಸಿಸ್ ಅಬುಧಾಬಿಗೆ ಬಂದು ಜಾಯೆದ್ ಸ್ಪೋರ್ಟ್ಸ್ ಸಿಟಿಯಲ್ಲಿ ಬಲಿಪೂಜೆ ಅರ್ಪಿಸಿದರು. ಅರೇಬಿಯಾದ ನೆಲದಲ್ಲಿ ಪೋಪ್ ಒಬ್ಬರು ಪೂಜೆ ಅರ್ಪಿಸಿದ್ದು ಅದೇ ಮೊದಲು. ಹಳೆಯ ಕಥೆ ಬೇಕಿದ್ದರೆ ಸರ್ ಬನಿಯಾಸ್ ದ್ವೀಪದಲ್ಲಿ ಇಸ್ಲಾಂ ಬರುವ ಕಾಲದ ಆಸುಪಾಸಿನ ಕ್ರೈಸ್ತ ಮಠದ ಅವಶೇಷಗಳೂ ಇವೆ. ರಜೆಯಲ್ಲಿ ನೋಡಿಬನ್ನಿ.

ಆದರೆ ಅಲ್ಲಿನ ಸ್ವಾತಂತ್ರ್ಯಕ್ಕೆ ಒಂದು ಗೋಡೆ ಇದೆ. ನಿಜವಾದ ಗೋಡೆ, ಕಾಂಪೌಂಡ್. ಆರಾಧನೆ ನಡೆಯಬೇಕಾದದ್ದು ಸರ್ಕಾರ ಪರವಾನಗಿ ಕೊಟ್ಟ ಜಾಗದೊಳಗೆ. ಮುಸ್ಲಿಮರಲ್ಲದವರ ಆರಾಧನಾಲಯಗಳಿಗೆಂದೇ 2023ರಲ್ಲಿ ಕಾನೂನು ಬಂದಿದೆ. ಗೋಡೆಯೊಳಗೆ ಪೂಜೆ, ಗಾಯನ, ಮಕ್ಕಳ ಧರ್ಮಶಿಕ್ಷಣ, ಹಬ್ಬ ಎಲ್ಲ ನಡೆಯುತ್ತದೆ. ನಮ್ಮೂರ ಹಾಗೆ ರಸ್ತೆಯಲ್ಲಿ ಬ್ಯಾಂಡ್ ಬಾರಿಸಿಕೊಂಡು ಮೆರವಣಿಗೆ ಹೋಗುವುದು ಮಾತ್ರ ಅಲ್ಲಿ ನಡೆಯುವುದಿಲ್ಲ.

ಹಾಗಾಗಿ ಬೇರೆ ಬೇರೆ ಕ್ರೈಸ್ತ ಸಭೆಗಳೆಲ್ಲ (ಪಂಗಡಗಳೆಲ್ಲ) ಒಂದೇ ಕಡೆ ಗುಂಪಾಗಿವೆ. ದುಬೈಯಲ್ಲಿ ಆ ಜಾಗ ಊದ್ ಮೇಥಾ, ಮೆಟ್ರೋದ ಹಸಿರು ಲೈನಿನಲ್ಲಿ ಇಳಿಯಬೇಕು. ಸಂತ ಮೇರಿ ಅಲ್ಲೇ, ಆಂಗ್ಲಿಕನ್ನರ ಹೋಲಿ ಟ್ರಿನಿಟಿಯೂ ಅಲ್ಲೇ. ಹೋಲಿ ಟ್ರಿನಿಟಿಯ ಒಂದೇ ಕಾಂಪೌಂಡಿನಲ್ಲಿ ಹತ್ತಾರು ಸಭೆಗಳು ಹಾಲ್‌ಗಳನ್ನು ಗಂಟೆ ಲೆಕ್ಕದಲ್ಲಿ ಹಂಚಿಕೊಳ್ಳುತ್ತವೆ. ನೀವು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಅಥವಾ ಬೇರೆ ಪ್ರೊಟೆಸ್ಟೆಂಟ್ ಸಭೆಯವರಾದರೆ ಮೊದಲು ಅಲ್ಲಿನ ನೋಟಿಸ್ ಬೋರ್ಡ್ ಓದಿ. ಜೆಬೆಲ್ ಅಲಿಯಲ್ಲಿ ಇನ್ನೊಂದು ಗುಂಪು ಇದೆ, ಅಲ್ಲಿ ಸಂತ ಫ್ರಾನ್ಸಿಸ್ ಇಗರ್ಜಿ. ಶಾರ್ಜಾದಲ್ಲಿ ಸಂತ ಮೈಕಲ್, ಅಬುಧಾಬಿಯಲ್ಲಿ ಸಂತ ಜೋಸೆಫ್, ಮುಸಫ್ಫಾದಲ್ಲಿ ಸಂತ ಪೌಲ್. ಅಲ್ ಐನ್, ರಾಸ್ ಅಲ್ ಖೈಮಾ, ಫುಜೈರಾಗಳಲ್ಲೂ ಇಗರ್ಜಿ ಇದೆ. ಮನೆ ಹುಡುಕುವಾಗ ಶಾಲೆಗೆ ಎಷ್ಟು ದೂರ ಎಂದು ನೋಡುವ ಹಾಗೆ ಇವುಗಳಲ್ಲಿ ಯಾವುದಕ್ಕೆ ನೇರ ಬಸ್ಸಿದೆ ಎಂದೂ ನೋಡಿ. ಎರಡು ಬಸ್ಸು ಬದಲಿಸಬೇಕಾದ ಇಗರ್ಜಿಗೆ ಮೇ ತಿಂಗಳ ಬಿಸಿಲಲ್ಲಿ ಎಷ್ಟು ದಿನ ಹೋಗುತ್ತೀರಿ ಹೇಳಿ!

ಇನ್ನು ಭಾಷೆ. ಕಾಸರಗೋಡಿನವರ ತಲೆನೋವು ಇಲ್ಲಿಂದಲೇ ಶುರು. ನಮ್ಮ ಬೇಳದ ಇಗರ್ಜಿ ಕೇರಳದ ಮಣ್ಣಿನಲ್ಲಿದ್ದರೂ ಮಂಗಳೂರು ಧರ್ಮಪ್ರಾಂತ್ಯಕ್ಕೆ ಸೇರಿದ್ದು. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಅಂಗಡಿಯಲ್ಲಿ ತುಳು, ತಾಲೂಕು ಕಚೇರಿಯಲ್ಲಿ ಮಲಯಾಳ. ಪಾಸ್‌ಪೋರ್ಟಿನಲ್ಲಿ ಕೇರಳ ಎಂದಿರುವುದರಿಂದ ಸಹೋದ್ಯೋಗಿಗಳು ನಿಮ್ಮನ್ನು ಮಲಯಾಳ ಪೂಜೆಗೆ ಕರೆಯುತ್ತಾರೆ. ಹೋಗಿ, ತಪ್ಪೇನಿಲ್ಲ. ಮಲಯಾಳ ಗುಂಪುಗಳು ತುಂಬ ವ್ಯವಸ್ಥಿತ, ಹೊಸಬರನ್ನು ಚೆನ್ನಾಗಿ ನೋಡಿಕೊಳ್ಳುತ್ತವೆ. ಕೊಂಕಣಿಯವರು ಸಂತ ಮೇರಿಯ ಕೊಂಕಣಿ ಸಮುದಾಯವನ್ನು ವಿಚಾರಿಸಿ. ಮಂಗಳೂರು, ಉಡುಪಿಯವರೂ ಗೋವಾದವರೂ ಅಲ್ಲಿ ಸಿಗುತ್ತಾರೆ. ಕನ್ನಡದಲ್ಲೇ ಪೂಜೆ ಬೇಕು ಎಂದು ಹಟ ಹಿಡಿದರೆ ಒಬ್ಬರೇ ಉಳಿಯುತ್ತೀರಿ. ನನ್ನ ಕೇಳಿದರೆ, ಮೊದಲ ತಿಂಗಳು ಇಂಗ್ಲಿಷ್ ಪೂಜೆಗೆ ಹೋಗಿ. ಪ್ರಕಟಣೆಗಳು ಅಲ್ಲಿ ಸಿಗುತ್ತವೆ. ಆಮೇಲೆ ನಿಮ್ಮ ಬಸ್ ರೂಟಿನಲ್ಲೇ ಇರುವ ಜನ ಯಾವ ಪೂಜೆಗೆ ಬರುತ್ತಾರೋ ಅದಕ್ಕೆ ಹೋಗಿ. ಜ್ವರ ಬಂದ ರಾತ್ರಿ ಬಾಗಿಲು ತಟ್ಟುವವರು ಹತ್ತಿರದ ಫ್ಲಾಟಿನವರೇ, ಭಾಷೆ ಯಾವುದಾದರೂ ಇರಲಿ.

ದಿನದ ಲೆಕ್ಕವೂ ಬದಲಾಗಿದೆ. ಹಿಂದೆ ಭಾನುವಾರ ಕೆಲಸದ ದಿನ, ಜನ ಶುಕ್ರವಾರ ಪೂಜೆಗೆ ಹೋಗುತ್ತಿದ್ದರು. 2022ರ ಜನವರಿಯಿಂದ ಶನಿವಾರ, ಭಾನುವಾರ ರಜೆ, ಶುಕ್ರವಾರ ಅರ್ಧ ದಿನ. ಶಾರ್ಜಾದಲ್ಲಿ ಶುಕ್ರವಾರವೂ ಪೂರ್ತಿ ರಜೆ. ಹಳೆಯ ಟೀಚರುಗಳ ಮಾತು ಕೇಳಿ ಹೊರಡಬೇಡಿ, ಇಗರ್ಜಿಯ ಈಗಿನ ವೇಳಾಪಟ್ಟಿ ನೋಡಿ. ಮಾತೆ ಮರಿಯಳ ಹುಟ್ಟುಹಬ್ಬವಾದ ಮೊಂತಿ ಹಬ್ಬ ಸೆಪ್ಟೆಂಬರ್ 8, ಆಗ ಶಾಲೆ ಇರುತ್ತದೆ. ಕ್ರಿಸ್ಮಸ್ ಮಾತ್ರ ಚಳಿಗಾಲದ ರಜೆಯೊಳಗೆ ಬೀಳುತ್ತದೆ, ಊರಿಗೆ ಬರಬಹುದು.

ಈಗ ಟೀಚರುಗಳು ಎಚ್ಚರದಿಂದ ಓದಬೇಕಾದ ಭಾಗ. ಇಸ್ಲಾಂ ಬಿಟ್ಟು ಬೇರೆ ಧರ್ಮದ ಪ್ರಚಾರ ಅಲ್ಲಿ ನಿಷಿದ್ಧ. ಯಾವುದೇ ಧರ್ಮವನ್ನು ಹೀಯಾಳಿಸಿದರೂ ಅಪರಾಧ, ವಾಟ್ಸಾಪ್ ಫಾರ್ವರ್ಡ್ ಕೂಡ ಇದರಲ್ಲಿ ಬರುತ್ತದೆ. ಊರಿನ ಗ್ರೂಪಿನಲ್ಲಿ ಬಂದದ್ದನ್ನು ಸ್ಟಾಫ್ ಗ್ರೂಪಿಗೆ ತಳ್ಳುವ ಅಭ್ಯಾಸ ವಿಮಾನ ಹತ್ತುವ ಮೊದಲೇ ಬಿಡಿ. ಮಕ್ಕಳಿಗೆ ಬೈಬಲ್ ಕೊಡುವುದು, ಸಂತರ ಚಿತ್ರ ಹಂಚುವುದು, 'ನಿನಗಾಗಿ ಪ್ರಾರ್ಥಿಸೋಣ ಬಾ' ಎಂದು ಮುಸ್ಲಿಂ ಮಗುವಿನ ಕೈ ಹಿಡಿಯುವುದು ಬೇಡ. ಮನಸ್ಸಿನಲ್ಲಿ ಪ್ರಾರ್ಥಿಸಿ, ಯಾರು ಬೇಡವೆನ್ನುತ್ತಾರೆ? 'ಮಿಸ್, ನೀವು ಕ್ರಿಶ್ಚಿಯನ್ನಾ?' ಎಂದು ಮಗು ಕೇಳಿದರೆ ಹೌದು ಎಂದು ಹೇಳಿ ಪಾಠಕ್ಕೆ ಮರಳಿ.

ಮನೆಯಲ್ಲಿ ಸಂಸಾರದವರು, ಒಬ್ಬಿಬ್ಬರು ಸ್ನೇಹಿತರು ಕೂಡಿ ಜಪಸರ ಹೇಳುವುದು ಒಂದು. ಪ್ರತಿ ವಾರ ಮೈಕ್, ಕೀಬೋರ್ಡ್ ಇಟ್ಟು ಐವತ್ತು ಜನ ಸೇರಿಸುವುದು ಇನ್ನೊಂದು. ಎರಡನೆಯದಕ್ಕೆ ಕರೆದರೆ ನಯವಾಗಿ ತಪ್ಪಿಸಿಕೊಳ್ಳಿ. ಪರವಾನಗಿ ಇಲ್ಲದ ಜಾಗದಲ್ಲಿ ಆರಾಧನೆ ನಡೆಸಿದರೆ ಕಷ್ಟ ಬರುವುದು ಕರೆದವರಿಗೆ ಮಾತ್ರ ಅಲ್ಲ.

ನಮ್ಮವರು ಜಾಸ್ತಿ ಎಡವುವುದು ಚಂದಾ ವಿಷಯದಲ್ಲಿ. ಊರ ಇಗರ್ಜಿಯ ಕಟ್ಟಡಕ್ಕೆ, ಯಾರದೋ ಆಪರೇಶನಿಗೆ ಎಂದು ಗ್ರೂಪಿನಲ್ಲಿ ಹಣ ಎತ್ತುವುದು ಕಾಸರಗೋಡಿನಲ್ಲಿ ಪುಣ್ಯದ ಕೆಲಸ. ಯುಎಇಯಲ್ಲಿ ಅದು ಕಾನೂನು ಉಲ್ಲಂಘನೆ. 2021ರ ಕಾನೂನಿನ ಪ್ರಕಾರ ಪರವಾನಗಿ ಇರುವ ಸಂಸ್ಥೆ ಮಾತ್ರ ದೇಣಿಗೆ ಎತ್ತಬಹುದು, ಬಿಡಿ ವ್ಯಕ್ತಿಗಳು ಎತ್ತುವಂತಿಲ್ಲ, ದಂಡವೂ ಸಣ್ಣದಲ್ಲ. ನಿಮ್ಮ ಹಣವನ್ನು ನಿಮ್ಮ ಖಾತೆಯಿಂದ ನೇರವಾಗಿ ಮನೆಯವರಿಗೆ ಕಳಿಸಿ, ಅವರು ಇಗರ್ಜಿಗೆ ಕೊಡಲಿ. ಗುಂಪಿನ ಖಜಾಂಚಿ ಆಗಬೇಡಿ. ಎಷ್ಟು ಒತ್ತಾಯ ಮಾಡಿದರೂ.

ಹಾಗಾದರೆ ಕ್ರೈಸ್ತ ಟೀಚರಾಗಿ ಅಲ್ಲಿ ಮಾಡುವುದೇನು? ಬೇಕಾದಷ್ಟಿದೆ. ದೊಡ್ಡ ಇಗರ್ಜಿಗಳಲ್ಲಿ ಧರ್ಮಶಿಕ್ಷಣಕ್ಕೆ ಬರುವ ಮಕ್ಕಳ ಸಂಖ್ಯೆ ನೋಡಿದರೆ ಬೆರಗಾಗುತ್ತೀರಿ. ಕಲಿಸುವವರು ಹೆಚ್ಚಾಗಿ ಸ್ವಯಂಸೇವಕರು. ತರಗತಿ ನಿಭಾಯಿಸಲು ಗೊತ್ತಿರುವ ಒಬ್ಬ ಟೀಚರ್ ಸಿಕ್ಕರೆ ಫಾದರಿಗೆ ಖುಷಿಯೋ ಖುಷಿ. ವಾರಕ್ಕೆ ಒಂದು ಗಂಟೆಯ ಆ ಕೆಲಸದಿಂದಲೇ ನಿಮಗೆ ಸ್ನೇಹಿತರು ಸಿಗುತ್ತಾರೆ. ಬರೀ ಪೂಜೆಗೆ ಬಂದು ಹೋದರೆ ಸಿಗುವುದಿಲ್ಲ, ಅಷ್ಟು ಜನರ ನಡುವೆ ಮುಖ ಯಾರಿಗೂ ನೆನಪಿರುವುದಿಲ್ಲ. ಮೊದಲ ವರ್ಷ ಬೇರೆ ಜವಾಬ್ದಾರಿ ಹೊರಬೇಡಿ. ಶಾಲೆಯ ಕೆಲಸವೇ ಬೆನ್ನು ಮುರಿಯುತ್ತದೆ.

ಶಾಲೆಯ ಕೆಲಸವೂ ಸೇವೆಯೇ ಅಲ್ವಾ? ಅಲ್ ಐನ್‌ನಲ್ಲಿ 1960ರಲ್ಲಿ ಪ್ಯಾಟ್ ಮತ್ತು ಮೇರಿಯನ್ ಕೆನಡಿ ಎಂಬ ಅಮೆರಿಕದ ಕ್ರೈಸ್ತ ವೈದ್ಯ ದಂಪತಿ ಆಸ್ಪತ್ರೆ ತೆರೆದರು. ಊರಿನ ಜನ ಇವತ್ತಿಗೂ ಅವರನ್ನು ನೆನೆಯುವುದು ಅಲ್ಲಿ ಹುಟ್ಟಿ ಬದುಕುಳಿದ ಮಕ್ಕಳಿಂದಾಗಿ. ಓದಲು ತಡವರಿಸುವ ಮಗುವಿನ ಪಕ್ಕ ಹತ್ತು ನಿಮಿಷ ಜಾಸ್ತಿ ಕೂರುವುದಕ್ಕೆ ಯಾವ ಪರವಾನಗಿಯೂ ಬೇಡ. ಹಣ ಪಡೆದು ಮನೆಪಾಠ ಮಾಡುವುದಾದರೆ ಬೇಕು. 2023ರ ಡಿಸೆಂಬರಿನಿಂದ ಅದಕ್ಕೆ ಸರ್ಕಾರವೇ ಉಚಿತ ಪರ್ಮಿಟ್ ಕೊಡುತ್ತಿದೆ.

ಹೊರಡುವ ಮೊದಲು ಊರ ಫಾದರ ಹತ್ತಿರ ಸ್ನಾನದೀಕ್ಷೆಯ ಸರ್ಟಿಫಿಕೇಟು ಮತ್ತು ಒಂದು ಪರಿಚಯ ಪತ್ರ ಬರೆಸಿಕೊಳ್ಳಿ. ಮಕ್ಕಳನ್ನು ಕರೆದುಕೊಂಡು ಹೋಗುವುದಾದರೆ ಅವರದ್ದೂ ಇರಲಿ, ಧರ್ಮಶಿಕ್ಷಣಕ್ಕೆ ಸೇರಿಸುವಾಗ ಕೇಳುತ್ತಾರೆ. ಡಿಗ್ರಿ ಮಂಗಳೂರಿನದ್ದು, ಬಿಎಡ್ ಕಣ್ಣೂರಿನದ್ದು ಆಗಿದ್ದರೆ ಅಟೆಸ್ಟೇಶನ್‌ಗೆ (ಸರ್ಟಿಫಿಕೇಟುಗಳ ಸರ್ಕಾರಿ ದೃಢೀಕರಣಕ್ಕೆ) ಎರಡು ರಾಜ್ಯ ಸುತ್ತಬೇಕಾಗುತ್ತದೆ, ಅದಕ್ಕೆ ಸಮಯ ಇಟ್ಟುಕೊಳ್ಳಿ. ಸೌದಿಗೆ ಹೊರಟವರಿಗೆ ಇಗರ್ಜಿಯ ಬಗ್ಗೆ ಮೇಲೆ ಹೇಳಿದ್ದು ಅನ್ವಯಿಸುವುದಿಲ್ಲ, ಅಲ್ಲಿ ಇಗರ್ಜಿಯೇ ಇಲ್ಲ. ಕತಾರ್, ಒಮಾನ್, ಬಹ್ರೈನ್, ಕುವೈತ್‌ಗಳಲ್ಲಿ ಇದೆ, ಕಾನೂನು ಮಾತ್ರ ಆಯಾ ದೇಶದ್ದು ಬೇರೆ.