ಸೊಂಟದಿಂದ ಕಾಲಿಗಿಳಿಯುವ ಡಿಸ್ಕ್ ನೋವು: ಯಾವ ಹಂತದಲ್ಲಿ ಯಾವ ಚಿಕಿತ್ಸೆ?

ಸೊಂಟದಲ್ಲಿ ಶುರುವಾದ ನೋವು ತೊಡೆಯ ಹಿಂಭಾಗ, ಮೀನಖಂಡ ದಾಟಿ ಪಾದದವರೆಗೆ ಕರೆಂಟ್ ಹೊಡೆದ ಹಾಗೆ ಇಳಿಯುತ್ತಿದೆಯೇ? ಕೆಮ್ಮಿದರೆ, ಸೀನಿದರೆ ಜಾಸ್ತಿಯಾಗುತ್ತಿದೆಯೇ? ಬೆನ್ನುಮೂಳೆಗಳ ನಡುವಿನ ಡಿಸ್ಕ್ ಬಿರಿದು, ಒಳಗಿನ ಮೆದು ಭಾಗ ಹೊರಬಂದು ನರವನ್ನು ಕೆಣಕುತ್ತಿರಬಹುದು. ಇದೇ ಸಯಾಟಿಕಾ. ಹೆಚ್ಚಿನವರಿಗೆ 6ರಿಂದ 12 ವಾರಗಳಲ್ಲಿ ಆಪರೇಷನ್ ಇಲ್ಲದೆಯೇ ಕಡಿಮೆಯಾಗುತ್ತದೆ.

ಮೊದಲು ಅಪಾಯದ ಲಕ್ಷಣ ಇದೆಯಾ ನೋಡಿ. ಮೂತ್ರ ಕಟ್ಟಿದೆಯೇ, ತಿಳಿಯದೆ ಹೋಗುತ್ತಿದೆಯೇ? ಸೈಕಲ್ ಸೀಟಿಗೆ ತಾಗುವ ಜಾಗ ಮರಗಟ್ಟಿದೆಯೇ? ಎರಡೂ ಕಾಲು ಸೋಲುತ್ತಿವೆಯೇ? ಹಾಗಿದ್ದರೆ ನಾಳೆ ನೋಡೋಣ ಅನ್ನಬೇಡಿ, ಈಗಲೇ ದೊಡ್ಡ ಆಸ್ಪತ್ರೆಗೆ ಹೋಗಿ. ತಡವಾದರೆ ನರದ ಹಾನಿ ಉಳಿದುಬಿಡಬಹುದು.

ಅದಿಲ್ಲ ಅಂದರೆ, ಗೋಡೆ ಹಿಡಿದು ಹಿಮ್ಮಡಿಯ ಮೇಲೆ ನಾಲ್ಕು ಹೆಜ್ಜೆ ನಡೆಯಿರಿ. ಆಮೇಲೆ ತುದಿಗಾಲಿನಲ್ಲಿ. ಒಂದು ಪಾದ ಎತ್ತಲು ಆಗದೆ ನೆಲಕ್ಕೆ ಬೀಳುತ್ತಿದ್ದರೆ, ಅಥವಾ ಹಿಮ್ಮಡಿ ಮೇಲೇಳದಿದ್ದರೆ ಡಾಕ್ಟರನ್ನು ಬೇಗ ಕಾಣಬೇಕು. ನೋವಿಗಿಂತ ಈ ಬಲಹೀನತೆಯೇ ಮುಖ್ಯ.

ಬಲ ಸರಿಯಿದೆಯೇ? ಹಾಗಾದರೆ ಮೊದಲ ಆರು ವಾರ ಓಡಾಡಿಕೊಂಡೇ ಇರಿ. ನೋವು ತಡೆಯಲಾಗದಿದ್ದರೆ ಒಂದೆರಡು ದಿನ ಮಲಗಿ, ಅಷ್ಟೇ. ಮಲಗಿದಷ್ಟೂ ಮೈ ಸೋಲುತ್ತದೆ. ಸ್ವಲ್ಪ ಸ್ವಲ್ಪ ನಡೆಯಿರಿ, ಹೊತ್ತುಗಟ್ಟಲೆ ಕೂರಬೇಡಿ, ಬಗ್ಗಿ ಕೊಡ ಎತ್ತಬೇಡಿ. ಪಕ್ಕಕ್ಕೆ ತಿರುಗಿ ಮಲಗುವಾಗ ಮಂಡಿಗಳ ನಡುವೆ ದಿಂಬು ಇಟ್ಟುಕೊಂಡರೆ ಹಾಯೆನಿಸುತ್ತದೆ. ಐಬುಪ್ರೊಫೆನ್‌ನಂಥ ಮಾತ್ರೆ ಕೆಲವರಿಗೆ ಸ್ವಲ್ಪ ಆರಾಮ ಕೊಡುತ್ತದೆ. ಆದರೆ ಕಿಡ್ನಿ, ಹೃದಯ, ಬಿಪಿ ಅಥವಾ ಹೊಟ್ಟೆಹುಣ್ಣಿನ ತೊಂದರೆ ಇದ್ದವರು ಕೇಳದೆ ನುಂಗಬಾರದು. ಫಿಸಿಯೋಥೆರಪಿಯಲ್ಲಿ ವ್ಯಾಯಾಮ ಕಲಿಯಿರಿ. ಬೆಲ್ಟ್ ಕಟ್ಟಿಕೊಳ್ಳುವುದು, ತೂಕ ಕಟ್ಟಿ ಎಳೆಸುವುದು ನನ್ನ ಲೆಕ್ಕದಲ್ಲಿ ಸುಮ್ನೆ ಖರ್ಚು. ಅವುಗಳಿಂದ ಲಾಭ ಇದೆ ಅನ್ನುವುದಕ್ಕೆ ಗಟ್ಟಿ ಆಧಾರ ಇಲ್ಲ.

ಎಂಆರ್‌ಐ? ಮೊದಲ ದಿನವೇ ಬೇಡ. ನೋವೇ ಇಲ್ಲದವರ ಸ್ಕ್ಯಾನಿನಲ್ಲೂ ಡಿಸ್ಕ್ ಉಬ್ಬಿರುವುದು ಕಾಣುತ್ತದೆ, ವಯಸ್ಸಾದಂತೆ ಇನ್ನೂ ಜಾಸ್ತಿ. ರಿಪೋರ್ಟ್ ಓದಿ ಹೆದರಿ ನಿದ್ದೆಗೆಟ್ಟವರೇ ಹೆಚ್ಚು, ಅಲ್ವಾ? ಆರು ವಾರವಾದರೂ ಜಗ್ಗದ ನೋವು, ಬಲಹೀನತೆ, ಇಲ್ಲವೇ ಇಂಜೆಕ್ಷನ್ ಅಥವಾ ಆಪರೇಷನ್ನಿನ ಯೋಚನೆ ಇದ್ದಾಗ ಅದು ಉಪಯೋಗಕ್ಕೆ ಬರುತ್ತದೆ. ಅಂದ ಹಾಗೆ, ಪೂರ್ತಿ ಹೊರಬಂದ ದೊಡ್ಡ ತುಣುಕನ್ನು ದೇಹ ತಾನಾಗಿಯೇ ಕರಗಿಸುವುದು ಅಪರೂಪವೇನಲ್ಲ.

ಕಾಲುನೋವು ಆಗಲೂ ಬಿಡದಿದ್ದರೆ ನರದ ಬಳಿ ಸ್ಟೀರಾಯ್ಡ್ ಇಂಜೆಕ್ಷನ್ ಕೊಡುತ್ತಾರೆ. ಕೆಲವರಿಗೆ ಕೆಲವು ವಾರ ಆರಾಮ ಸಿಗುತ್ತದೆ, ಅಷ್ಟರಲ್ಲಿ ವ್ಯಾಯಾಮ ಶುರು ಮಾಡಬಹುದು.

ಕೊನೆಯದು ಮೈಕ್ರೋಡಿಸ್ಕೆಕ್ಟಮಿ ಅನ್ನುವ ಆಪರೇಷನ್. ಸಣ್ಣ ಗಾಯದಲ್ಲಿ ನರ ಒತ್ತುವ ತುಣುಕನ್ನಷ್ಟೇ ತೆಗೆಯುತ್ತಾರೆ. 2007ರಲ್ಲಿ ಪ್ರಕಟವಾದ ನೆದರ್‌ಲೆಂಡ್ಸ್‌ನ ಅಧ್ಯಯನದಲ್ಲಿ ಬೇಗ ಆಪರೇಷನ್ ಮಾಡಿಸಿಕೊಂಡವರ ಕಾಲುನೋವು ಬೇಗ ಇಳಿಯಿತು. ವರ್ಷದ ಹೊತ್ತಿಗೆ ಕಾದು ನೋಡಿದವರ ಸ್ಥಿತಿಯೂ ಹೆಚ್ಚುಕಡಿಮೆ ಅಷ್ಟೇ ಇತ್ತು. ಆದರೆ ಕಾದವರಲ್ಲೂ ಸುಮಾರು ಜನ ನಡುವೆ ಆಪರೇಷನ್‌ಗೆ ಹೋಗಿದ್ದರು. ಈ ಆಪರೇಷನ್ನಿನಿಂದ ಕಾಲುನೋವಿಗೆ ಸಿಗುವಷ್ಟು ಲಾಭ ಸೊಂಟನೋವಿಗೆ ಸಿಗುವುದಿಲ್ಲ. ಜೋಮು ಇಳಿಯಲು ತಿಂಗಳುಗಳೇ ಬೇಕಾಗಬಹುದು. ಕೆಲವರಿಗೆ ಅದೇ ಜಾಗದಲ್ಲಿ ಡಿಸ್ಕ್ ಮತ್ತೆ ಹೊರಬರುವುದೂ ಉಂಟು. ಇವನ್ನೆಲ್ಲ ಸಹಿ ಹಾಕುವ ಮುಂಚೆಯೇ ಸರ್ಜನ್ ಹತ್ತಿರ ಕೇಳಿಕೊಳ್ಳಿ.